ಉಸಿರಿನೊಡನೆ ಸೇರುವ ಮದ್ದು

ಮೂಗಿನ ಮೇಲೆ ಕನ್ನಡಕವೇರಿತೆಂದು ಯಾರೂ ನಾಚುವುದಿಲ್ಲ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ರಾತ್ರಿ ನೀರಿನ ಲೋಟದಲ್ಲಿಟ್ಟು ಮಲಗುವ ಯಜಮಾನರು ಅದನ್ನು ಬಂಧುಬಳಗದ ಕಣ್ಣಿನಿಂದ ಮರೆಸುವ ಗೋಜಿಗೆ ಹೋಗುವುದಿಲ್ಲ. ಮಧುಮೇಹದವರಂತೂ ಔತಣದ ಪಂಕ್ತಿಯಲ್ಲಿಯೇ ತಮ್ಮ ಮಾತ್ರೆಯನ್ನು ತೆಗೆದು, ಪಕ್ಕದವರ ಮಾತ್ರೆಯೊಡನೆ ಹೋಲಿಸಿ ನೋಡಿ, ಆಮೇಲೆ ಹೋಳಿಗೆಗೆ ಕೈಯಿಕ್ಕುವುದುಂಟು. ಆದರೆ ಉಬ್ಬಸದ ರೋಗಿಯ ಇನ್ಹೇಲರ್ ಮಾತ್ರ ಬೀರುವಿನಲ್ಲಿ ಸೀರೆಗಳ ಮಡಿಕೆಯ ನಡುವೆ ಅಡಗಿ ಕೂರುತ್ತದೆ. ಹೆಣ್ಣು ನೋಡಲು ಬರುವವರಿರುವ ದಿನ ಅದು ಇನ್ನೂ ಒಳಗಿನ ಪೆಟ್ಟಿಗೆಗೆ ಸರಿಯುತ್ತದೆ. ಕಾಲೇಜಿಗೆ ಹೋಗುವ ಹುಡುಗ ಗೆಳೆಯರೆದುರು ಅದನ್ನು ಹೊರತೆಗೆಯಲಾರದೆ, ಏದುಸಿರು ಬಿಡುತ್ತಲೇ ಮೆಟ್ಟಿಲ ಮರೆಯನ್ನು ಹುಡುಕುತ್ತಾನೆ.

ಈ ಬಚ್ಚಿಡುವಿಕೆಗೆ ಕಾರಣವಾದ ಮಾತುಗಳು ಎಲ್ಲ ಮನೆಗಳಲ್ಲಿಯೂ ಸರಿಸುಮಾರು ಒಂದೇ ಬಗೆಯವು. “ಅದನ್ನು ಒಂದು ಸಲ ಬಾಯಿಗಿಟ್ಟರೆ ಸಾಯುವ ತನಕ ಬಿಡುವುದಿಲ್ಲವಂತೆ ಕಣಪ್ಪಾ” ಎನ್ನುತ್ತಾರೆ ಅಜ್ಜಿ. “ಅದು ಕಡೆಯ ಔಷಧ, ಈಗಲೇ ಕೊಟ್ಟುಬಿಟ್ಟರೆ ಮುಂದೇನು ಗತಿ?” ಎನ್ನುತ್ತಾರೆ ಸೋದರಮಾವ. “ಮಾತ್ರೆಯಲ್ಲಿ ಮುಗಿಯುವುದಾದರೆ ಮಾತ್ರೆಯನ್ನೇ ಬರೆದುಕೊಡಿ, ಡಾಕ್ಟರೇ” ಎಂದು ತಂದೆ ಬೇಡಿಕೊಳ್ಳುತ್ತಾರೆ. ಮೂವರದೂ ಪ್ರೀತಿಯ ಮಾತೇ. ಮೂರೂ ತಪ್ಪು ತಿಳಿವಳಿಕೆಯಿಂದ ಹುಟ್ಟಿದವು.

ಕಡೆಯ ಮಾತನ್ನು ಮೊದಲು ನೋಡಬಹುದು. ಅದಕ್ಕೆ ಬೇಕಾದದ್ದು ಮೂರನೆಯ ತರಗತಿಯ ಗಣಿತ. ಉಬ್ಬಸದ ಔಷಧಗಳಲ್ಲಿ ಬಹು ಪ್ರಚಾರದಲ್ಲಿರುವುದು ಸಾಲ್ಬುಟಮಾಲ್. ಅದರ ದೊಡ್ಡ ಮಾತ್ರೆಯೊಂದರಲ್ಲಿ 4 ಮಿಲಿಗ್ರಾಮ್, ಎಂದರೆ 4,000 ಮೈಕ್ರೋಗ್ರಾಮ್ ಔಷಧವಿರುತ್ತದೆ. ಅದೇ ಔಷಧದ ಇನ್ಹೇಲರನ್ನು ಒಮ್ಮೆ ಒತ್ತಿದರೆ ಹೊರಬೀಳುವುದು 100 ಮೈಕ್ರೋಗ್ರಾಮ್ ಮಾತ್ರ. ವೈದ್ಯರ ಚೀಟಿಯಲ್ಲಿ ‘ಪಫ್’ ಎಂದು ಕಾಣುವುದು ಈ ಒಂದು ಒತ್ತನ್ನೇ. ಹೀಗಾಗಿ ಒಂದು ಮಾತ್ರೆ ನಲವತ್ತು ಒತ್ತುಗಳಿಗೆ ಸಮನಾಯಿತು. ನುಂಗಿದ ಮಾತ್ರೆ ಹೊಟ್ಟೆಯಲ್ಲಿ ಕರಗಿ, ರಕ್ತದಲ್ಲಿ ಬೆರೆತು, ಕೈಯನ್ನು ನಡುಗಿಸಿ, ಎದೆಯನ್ನು ಡವಗುಟ್ಟಿಸಿ, ಕಟ್ಟಕಡೆಗೆ ಶ್ವಾಸನಾಳಗಳಿಗೆ ತನ್ನ ಪಾಲಿನ ಸೇವೆಯನ್ನು ಸಲ್ಲಿಸಬೇಕು. ಉಸಿರಿನೊಡನೆ ಎಳೆದುಕೊಂಡ ಮದ್ದಾದರೋ ನೇರವಾಗಿ ನೋವಿರುವ ಠಾಣೆಗೇ ಹೋಗಿ ಇಳಿಯುತ್ತದೆ. ಐದಾರು ನಿಮಿಷಗಳಲ್ಲಿ ಎದೆ ಹಗುರಾಗುತ್ತದೆ. ಪ್ರಬಲವಾದ ಔಷಧವೆಂದು ಯಾವುದಕ್ಕೆ ಹೆದರಿದರೋ ಅದು ಅಲ್ಪ. ಸೌಮ್ಯವೆಂದು ಯಾವುದನ್ನು ಬೇಡಿ ಪಡೆದರೋ ಅದು ನಲವತ್ತು ಪಾಲು ಹೆಚ್ಚು.

ಉಸಿರಿನ ದಾರಿಯಲ್ಲಿ ಔಷಧ ಕೊಡುವುದು ಹೊಸ ಮಾತೂ ಅಲ್ಲ. ಶ್ವಾಸರೋಗವನ್ನು ಐದು ಬಗೆಯಾಗಿ ವಿಂಗಡಿಸಿದ ಚರಕಸಂಹಿತೆಯು ‘ತಮಕಶ್ವಾಸ’ವೆಂದು ಹೆಸರಿಸಿರುವ ಬಗೆಯು ಇಂದಿನ ಉಬ್ಬಸವನ್ನು ಬಹುಮಟ್ಟಿಗೆ ಹೋಲುತ್ತದೆ. ಮೋಡ ಕವಿದಾಗ, ಚಳಿಗಾಳಿ ಬೀಸಿದಾಗ ಅದು ಉಲ್ಬಣಿಸುವುದೆಂದೂ, ಅಂಥ ರೋಗಿಗೆ ಮಲಗಿದರೆ ಸಂಕಟ, ಎದ್ದು ಕುಳಿತರೆ ನೆಮ್ಮದಿಯೆಂದೂ ಅಲ್ಲಿ ಹೇಳಿದೆ. ಉಬ್ಬಸದವರ ಮನೆಯಲ್ಲಿ ಒಂದು ರಾತ್ರಿ ಕಳೆದವರು ಇದನ್ನು ಬಲ್ಲರು. ಔಷಧದ ಬತ್ತಿಯನ್ನು ಹೊತ್ತಿಸಿ ಹೊಗೆಯೆಳೆಯುವ ಧೂಮಪಾನದ ಚಿಕಿತ್ಸೆಯೂ ಆ ಗ್ರಂಥದಲ್ಲಿದೆ. ದತ್ತೂರಿ ಅಥವಾ ಉಮ್ಮತ್ತಿಯ ಹೊಗೆಯನ್ನು ಸೇದುವ ರೂಢಿಯು ದಕ್ಷಿಣ ಭಾರತದಲ್ಲಿತ್ತು. ಮದರಾಸಿನಲ್ಲಿ ಮುಖ್ಯವೈದ್ಯನಾಗಿದ್ದ ಡಾಕ್ಟರ್ ಜೇಮ್ಸ್ ಆಂಡರ್ಸನ್ ಅದನ್ನು ಕಂಡು ಮೆಚ್ಚಿದ. ಜನರಲ್ ಜೆಂಟ್ ಎಂಬ ಸೇನಾಧಿಕಾರಿ 1802ರಲ್ಲಿ ಅದನ್ನು ಇಂಗ್ಲೆಂಡಿಗೆ ಕೊಂಡೊಯ್ದ. ಮುಂದೆ ನೂರು ವರ್ಷಕ್ಕೂ ಮಿಕ್ಕಿ ಯೂರೋಪಿನ ಔಷಧದಂಗಡಿಗಳಲ್ಲಿ ಉಬ್ಬಸದ ಸಿಗರೇಟುಗಳೇ ಮಾರಾಟವಾದವು. ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ಟ್ ಇಂಥ ಸಿಗರೇಟು ಸೇದಿ, ಮದ್ದಿನ ಪುಡಿಯನ್ನು ಸುಟ್ಟು, ಕೋಣೆಯ ತುಂಬ ಹೊಗೆ ತುಂಬಿಸಿಕೊಂಡು ಬರೆಯುತ್ತಿದ್ದವನು. ದತ್ತೂರಿಯು ವಿಷ, ಅದರ ಹೊಗೆಯ ಅಳತೆ ಯಾರ ಹಿಡಿತಕ್ಕೂ ಸಿಕ್ಕುವುದಲ್ಲ. ಇಂದು ಮನೆಯಲ್ಲಿ ಅದನ್ನು ಪ್ರಯೋಗಿಸಿ ನೋಡುವುದು ಪ್ರಾಣದೊಡನೆ ಆಟವಾಡಿದಂತೆ. ಆದರೂ ಇಂದಿನ ಇಪ್ರಟ್ರೋಪಿಯಂ ಎಂಬ ಶ್ವಾಸೌಷಧವು ದತ್ತೂರಿಯಲ್ಲಿರುವ ಅಟ್ರೋಪೀನಿನ ವಂಶದ್ದೇ ಎಂಬುದು ಸ್ವಾರಸ್ಯವಾದ ಸಂಗತಿ.

ಕೈಯಲ್ಲಿ ಹಿಡಿಯುವ ಇಂದಿನ ಇನ್ಹೇಲರ್ ಹುಟ್ಟಿದ್ದು ಒಬ್ಬ ಬಾಲಕಿಯ ಪ್ರಶ್ನೆಯಿಂದ. 1955ರಲ್ಲಿ ಅಮೆರಿಕದ ರೈಕರ್ ಎಂಬ ಔಷಧ ಕಂಪೆನಿಯ ಅಧ್ಯಕ್ಷನಾಗಿದ್ದ ಜಾರ್ಜ್ ಮೇಸನ್‌ನ ಹದಿಮೂರು ವರ್ಷದ ಮಗಳಿಗೆ ಉಬ್ಬಸವಿತ್ತು. ಆ ಕಾಲದ ಔಷಧಸಿಂಚಕವು ಗಾಜಿನದು. ರಬ್ಬರಿನ ಬುರುಡೆಯನ್ನು ಹಿಸುಕಿ ಮದ್ದನ್ನು ತುಂತುರಾಗಿಸಬೇಕು. ಸ್ವಲ್ಪ ಎಚ್ಚರ ತಪ್ಪಿದರೆ ಒಡೆಯುವುದು. ಕೂದಲಿಗೆ ಸಿಂಪಡಿಸುವ ದ್ರವವನ್ನು ಡಬ್ಬಿಯಲ್ಲಿ ತುಂಬಿಕೊಡುವವರು ಈ ಮದ್ದನ್ನೂ ಹಾಗೆಯೇ ತುಂಬಬಾರದೇಕೆ ಎಂದು ಮಗಳು ಕೇಳಿದಳು. ಸುಗಂಧದ ಸೀಸೆಗಳಿಗಾಗಿ ತಯಾರಾಗಿದ್ದ, ಪ್ರತಿ ಒತ್ತಿಗೂ ಒಂದೇ ಅಳತೆಯನ್ನು ಬಿಡುವ ಕವಾಟವೊಂದನ್ನು ಬಳಸಿಕೊಂಡು ಕಂಪೆನಿಯು 1956ರಲ್ಲಿಯೇ ‘ಮೆಡಿಹೇಲರ್’ ಎಂಬ ಸಾಧನವನ್ನು ಮಾರುಕಟ್ಟೆಗೆ ತಂದಿತು. ಜೇಬಿನಲ್ಲಿ ಅಡಗುವ, ಒತ್ತಿದೊಡನೆ ಉಸಿರು ಕೊಡುವ ಈ ಡಬ್ಬಿಯು ಉಬ್ಬಸದವರ ಬಾಳಿಗೆ ಬಂದ ದೊಡ್ಡ ವರವೆಂಬುದರಲ್ಲಿ ಸಂದೇಹವಿಲ್ಲ.

ಆ ವರದ ಬೆನ್ನ ಹಿಂದೆಯೇ ಒಂದು ದುರಂತವೂ ಬಂದಿತು. 1960ರ ದಶಕದಲ್ಲಿ ಇಂಗ್ಲೆಂಡ್, ವೇಲ್ಸ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮೊದಲಾದೆಡೆ ಉಬ್ಬಸದಿಂದ ಸಾಯುವವರ ಸಂಖ್ಯೆ ಇದ್ದಕ್ಕಿದ್ದಂತೆ ಏರತೊಡಗಿತು. ಸತ್ತವರು ವೃದ್ಧರಾಗಿದ್ದರೆ ಯಾರೂ ಅಷ್ಟು ಬೆಚ್ಚುತ್ತಿರಲಿಲ್ಲವೋ ಏನೋ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 10ರಿಂದ 14 ವರ್ಷದ ಮಕ್ಕಳ ಸಾವು ಆರೇಳು ವರ್ಷಗಳಲ್ಲಿ ಹತ್ತಿರ ಹತ್ತಿರ ಎಂಟು ಪಟ್ಟಾಯಿತು. ಹುಡುಕುತ್ತ ಹೋದ ತಜ್ಞರ ಕಣ್ಣು ಐಸೊಪ್ರೆನಲಿನ್ ಎಂಬ ಔಷಧದ ಇನ್ಹೇಲರಿನ ಮೇಲೆ ಬಿದ್ದಿತು. ಅದರಲ್ಲಿಯೂ ‘ಫೋರ್ಟ್’ ಎಂಬ ಹೆಸರಿನ, ಮಾಮೂಲಿನದಕ್ಕಿಂತ ಐದು ಪಟ್ಟು ತೀವ್ರವಾದ ಬಗೆಯನ್ನು ಮಾರುತ್ತಿದ್ದ ನಾಡುಗಳಲ್ಲಿಯೇ ಸಾವು ಏರಿತ್ತು. ಅದು ಬಳಕೆಯಲ್ಲಿಲ್ಲದ ಅಮೆರಿಕದಲ್ಲಿ ಹಾಗಾಗಿರಲಿಲ್ಲ. ಬ್ರಿಟನ್ನಿನಲ್ಲಿ ಆಗ ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಅದನ್ನು ಕೊಳ್ಳಬಹುದಾಗಿತ್ತು. 1967ರಲ್ಲಿ ವೈದ್ಯರಿಗೆ ಎಚ್ಚರಿಕೆ ಹೋಯಿತು, 1968ರಲ್ಲಿ ಚೀಟಿಯಿಲ್ಲದ ಮಾರಾಟ ನಿಂತಿತು, ಸಾವುಗಳು ಇಳಿದವು.

ಮದ್ದು ಹೃದಯದ ಮೇಲೆ ಮಾಡಿದ ಪ್ರಹಾರವೇ ಕಾರಣವೆಂದು ಕೆಲವರೆಂದರು. ಇನ್ನು ಕೆಲವರು ತೋರಿಸಿದ ಕಾರಣ ಬೇರೆ. ಮನೆಮನೆಗಳಲ್ಲಿ ಇಂದಿಗೂ ನಡೆಯುತ್ತಿರುವುದು ಅದು. ಉಸಿರು ಕಟ್ಟಿದಾಗ ಒಂದು ಒತ್ತು, ಹಗುರವಾಯಿತು, ಕೆಲಸಕ್ಕೆ ಹೊರಟದ್ದಾಯಿತು. ಮತ್ತೆ ಕಟ್ಟಿತು, ಮತ್ತೊಂದು ಒತ್ತು. ನಾಲ್ಕು ಗಂಟೆಯ ನೆಮ್ಮದಿ ಎರಡು ಗಂಟೆಗಿಳಿಯಿತು, ಎರಡು ಒಂದಕ್ಕಿಳಿಯಿತು. ಜೇಬಿನ ಡಬ್ಬಿಯನ್ನೇ ನಂಬಿ ಕುಳಿತವರು ವೈದ್ಯರ ಬಾಗಿಲನ್ನು ತಟ್ಟುವ ವೇಳೆಗೆ ಮೀರಿಹೋಗಿತ್ತು.

ಡಬ್ಬಿಯ ಮದ್ದು ಏಕೆ ಹೀಗೆ ವಂಚಿಸುತ್ತದೆಂದು ತಿಳಿಯಲು ಎದೆಯೊಳಗಣ ವ್ಯಾಪಾರವನ್ನು ಸ್ವಲ್ಪ ನೋಡಬೇಕು. ಕೊರಳಿನಿಂದ ಇಳಿದ ಶ್ವಾಸನಾಳವು ತಲೆಕೆಳಗಾದ ಮರದಂತೆ ಕವಲೊಡೆಯುತ್ತ, ಕಿರಿದಾಗುತ್ತ, ಶ್ವಾಸಕೋಶದ ಆಳಕ್ಕೆ ಹೋಗುತ್ತದೆ. ಉಬ್ಬಸದಲ್ಲಿ ಈ ಕೊಳವೆಗಳ ಸುತ್ತಣ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಒಳಪೊರೆಯು ಕೆರಳಿ ಊದಿಕೊಳ್ಳುತ್ತದೆ. ಅಂಟಾದ ಕಫವು ಉಳಿದ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ನಾಯುವಿನ ಬಿಗಿತವು ನಿಮಿಷಗಳಲ್ಲಿ ಬಂದು ಹೋಗುವಂಥದು. ಒಳಪೊರೆಯ ಊತ ಹಾಗಲ್ಲ. ರೋಗಿ ನಗುತ್ತ ಓಡಾಡುತ್ತಿರುವಾಗಲೂ ಅದು ಒಳಗೊಳಗೇ ಬೂದಿ ಮುಚ್ಚಿದ ಕೆಂಡದಂತೆ ಇರುತ್ತದೆ. ಸಾಲ್ಬುಟಮಾಲ್ ಸಡಿಲಿಸುವುದು ಸ್ನಾಯುವನ್ನು. ಊತದ ಗೊಡವೆಗೆ ಅದು ಹೋಗುವುದಿಲ್ಲ. 1969ರಲ್ಲಿ ಬಳಕೆಗೆ ಬಂದ ಅದು ಐಸೊಪ್ರೆನಲಿನ್‌ಗಿಂತ ಎಷ್ಟೋ ಸುರಕ್ಷಿತವಾದ ಮದ್ದೆಂಬುದು ನಿಜ. ಅದರ ಸ್ವಭಾವ ಮಾತ್ರ ಅದೇ: ಬಾಗಿಲನ್ನು ತೆರೆದು ಹೊಗೆಯನ್ನು ಹೊರಬಿಡುತ್ತದೆ, ಒಲೆಯ ಬೆಂಕಿಯನ್ನು ಆರಿಸುವುದಿಲ್ಲ.

ಬೆಂಕಿಯನ್ನು ಆರಿಸುವ ಮದ್ದು ಬೇರೆ. ಬೆಕ್ಲೊಮೆಥಸೋನ್ ಎಂಬ ಸ್ಟೆರಾಯಿಡನ್ನು ಉಸಿರಿನೊಡನೆ ಎಳೆದುಕೊಳ್ಳುವ ಇನ್ಹೇಲರ್ 1972ರಲ್ಲಿ ಬ್ರಿಟನ್ನಿನಲ್ಲಿ ಬಂದಿತು. ಬುಡೆಸೊನೈಡ್, ಫ್ಲೂಟಿಕಸೋನ್ ಮುಂತಾದವು ಅದರ ಸೋದರರು. ಒಂದನ್ನು ತಕ್ಷಣದ ಇನ್ಹೇಲರ್ ಎಂದೂ, ಇನ್ನೊಂದನ್ನು ನಿತ್ಯದ ಇನ್ಹೇಲರ್ ಎಂದೂ ಕರೆದುಕೊಂಡರೆ ಮನೆಯವರಿಗೆ ಗೊಂದಲವಿರದು. ನಿತ್ಯದ್ದನ್ನು ಎಳೆದುಕೊಂಡ ಐದು ನಿಮಿಷಕ್ಕೆ ಏನೂ ತೋರುವುದಿಲ್ಲ. ಅದರ ಗುಣ ಕಾಣಲು ದಿನಗಳೇ ಬೇಕು, ಕೆಲವೊಮ್ಮೆ ವಾರಗಳು. ರೋಗಿಗೆ ಅದರ ಮೇಲೆ ನಂಬಿಕೆ ಹುಟ್ಟದಿರುವುದು ಇದರಿಂದಲೇ. ಕೂಡಲೆ ಫಲ ಕೊಟ್ಟ ಡಬ್ಬಿ ಜೇಬಿಗೇರುತ್ತದೆ. ಮೌನವಾಗಿ ದುಡಿಯುವ ಡಬ್ಬಿ ಧೂಳು ತಿನ್ನುತ್ತದೆ. ‘ಚೆನ್ನಾಗಿದ್ದೇನಲ್ಲ, ಇನ್ನೇಕೆ?’ ಎಂದು ನಿಲ್ಲಿಸುವವರು ಚೆನ್ನಾಗಿರುವುದಕ್ಕೆ ಕಾರಣವಾದದ್ದನ್ನೇ ನಿಲ್ಲಿಸುತ್ತಿರುತ್ತಾರೆ. 2019ರ ಜಾಗತಿಕ ಅಂದಾಜಿನಂತೆ ಜಗತ್ತಿನ ಉಬ್ಬಸದ ರೋಗಿಗಳಲ್ಲಿ ಭಾರತದವರು ನೂರಕ್ಕೆ ಸುಮಾರು 13. ಉಬ್ಬಸದಿಂದ ಸತ್ತವರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು. ಈ ಎರಡು ಅಂಕಗಳ ನಡುವಣ ಅಂತರದಲ್ಲಿ ಬಡತನವಿದೆ, ದೂರದ ಆಸ್ಪತ್ರೆಯಿದೆ. ಧೂಳು ತಿನ್ನುವ ಆ ಡಬ್ಬಿಯೂ ಇದೆ.

ಸ್ಟೆರಾಯಿಡ್ ಎಂಬ ಶಬ್ದವೇ ತಾಯಂದಿರ ಎದೆಯಲ್ಲಿ ನಡುಕ ಹುಟ್ಟಿಸುವಂಥದು. ಭಯವನ್ನು ಬೈದು ಓಡಿಸುವುದಕ್ಕಿಂತ ಲೆಕ್ಕ ಹೇಳುವುದು ಮೇಲು. ಬಾಯಿಯ ಮೂಲಕ ನುಂಗುವ ಸ್ಟೆರಾಯಿಡ್ ಮಾತ್ರೆಗಳನ್ನು ಅಳೆಯುವುದು ಮಿಲಿಗ್ರಾಮಿನಲ್ಲಿ. ಇನ್ಹೇಲರಿನದನ್ನು ಅಳೆಯುವುದು ಅದರ ಸಾವಿರದ ಒಂದು ಪಾಲಾದ ಮೈಕ್ರೋಗ್ರಾಮಿನಲ್ಲಿ. ಮಕ್ಕಳ ಬೆಳವಣಿಗೆಯ ಮೇಲೆ ಅದರ ಪರಿಣಾಮವೇ ಇಲ್ಲವೆಂದರೆ ಸುಳ್ಳಾಗುತ್ತದೆ. ವರ್ಷಗಟ್ಟಲೆ ಬುಡೆಸೊನೈಡ್ ಎಳೆದುಕೊಂಡ ಮಕ್ಕಳನ್ನು ದೊಡ್ಡವರಾಗುವವರೆಗೂ ಹಿಂಬಾಲಿಸಿ ಅಳೆದ ಅಮೆರಿಕದ ತಜ್ಞರು 2012ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಎತ್ತರದಲ್ಲಿ ಕಂಡ ಕೊರತೆ ಸರಾಸರಿ 1.2 ಸೆಂಟಿಮೀಟರ್. ಹತೋಟಿಯಿಲ್ಲದ ಉಬ್ಬಸವೂ ಮಗುವಿನ ಬೆಳವಣಿಗೆಯನ್ನು ಕುಗ್ಗಿಸಬಲ್ಲದು. ಪದೇ ಪದೇ ಆಸ್ಪತ್ರೆ ಸೇರಿ ನುಂಗಬೇಕಾಗುವ ಮಾತ್ರೆಗಳ ಭಾರ ಇನ್ನೂ ದೊಡ್ಡದು. ರೋಗ ಹತೋಟಿಗೆ ಬಂದ ಮೇಲೆ ವೈದ್ಯರು ಅಳತೆಯನ್ನು ಮೆಲ್ಲನೆ ಇಳಿಸುತ್ತಾರೆ. ಆ ಇಳಿಸುವ ಕೆಲಸ ಅವರದು, ನೆರೆಮನೆಯವರದಲ್ಲ. ಗರ್ಭಿಣಿಯರು ಕೂಸಿಗೆ ಕೆಡುಕಾದೀತೆಂದು ಇನ್ಹೇಲರನ್ನು ತಾವಾಗಿಯೇ ಬಿಡುವುದುಂಟು. ತಾಯಿಗೆ ಉಸಿರು ಸಾಲದಿದ್ದರೆ ಕೂಸಿಗೂ ಸಾಲದು.

ಈಚಿನ ವರ್ಷಗಳಲ್ಲಿ ವೈದ್ಯಪ್ರಪಂಚದ ನಿಲುವು ಈ ದಿಕ್ಕಿನಲ್ಲಿಯೇ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಉಬ್ಬಸದ ಚಿಕಿತ್ಸಾಕ್ರಮವನ್ನು ಸೂಚಿಸುವ ‘ಜಿನಾ’ ಎಂಬ ಅಂತರರಾಷ್ಟ್ರೀಯ ಸಂಘಟನೆಯು 2019ರಿಂದ, ಹದಿಹರೆಯದವರಿಗೂ ದೊಡ್ಡವರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಟ್ಟು ಕಳಿಸಕೂಡದೆಂದು ಹೇಳುತ್ತಿದೆ. ಬೇಗನೆ ಗುಣ ತೋರುವ ಫಾರ್ಮೊಟೆರಾಲನ್ನೂ ಸ್ಟೆರಾಯಿಡನ್ನೂ ಒಂದೇ ಡಬ್ಬಿಯಲ್ಲಿ ಬೆರೆಸಿದ ಇನ್ಹೇಲರ್ ಉಂಟು. ಕೆಲವರಿಗೆ ವೈದ್ಯರು ಅದನ್ನೇ ನಿತ್ಯಕ್ಕೂ ತಕ್ಷಣಕ್ಕೂ ಬರೆಯುತ್ತಾರೆ. ಆದುದರಿಂದ ತಮ್ಮ ಕೈಯಲ್ಲಿರುವುದು ಯಾವುದೆಂದು ಪ್ರತಿಯೊಬ್ಬ ರೋಗಿಯೂ ಒಮ್ಮೆ ಸ್ಪಷ್ಟವಾಗಿ ಕೇಳಿ ತಿಳಿಯತಕ್ಕದ್ದು. ಡಬ್ಬಿಯ ಬಣ್ಣವನ್ನು ನಂಬುವಂತಿಲ್ಲ. ಸಾಲ್ಬುಟಮಾಲ್ ಸಾಮಾನ್ಯವಾಗಿ ನೀಲಿಯ ಕವಚದಲ್ಲಿ ಬರುವುದಾದರೂ, ಕಂಪೆನಿಯಿಂದ ಕಂಪೆನಿಗೆ ಬಣ್ಣ ಬೇರೆಯಾಗಬಹುದು. ಮೇಲಿನ ಅಕ್ಷರವನ್ನು ಓದಬೇಕು.

ತಕ್ಷಣದ ಇನ್ಹೇಲರ್ ಎಷ್ಟು ಬೇಗ ಬರಿದಾಗುತ್ತದೆಂಬುದೇ ರೋಗವನ್ನಳೆಯುವ ಒಂದು ಕೋಲು. ಸಾಮಾನ್ಯವಾಗಿ ಡಬ್ಬಿಯೊಂದರಲ್ಲಿ 200 ಒತ್ತುಗಳಿರುತ್ತವೆ. ವರ್ಷಕ್ಕೆ ಮೂರು ಡಬ್ಬಿ ಮುಗಿದರೆ ಉಬ್ಬಸ ಉಲ್ಬಣಿಸುವ ಸಂಭವ ಹೆಚ್ಚೆಂದೂ, ತಿಂಗಳಿಗೊಂದು ಮುಗಿಯುತ್ತಿದ್ದರೆ ಪ್ರಾಣಾಪಾಯವೇ ಸಮೀಪಿಸಿದೆಯೆಂದೂ ತಜ್ಞರು ಎಚ್ಚರಿಸುತ್ತಾರೆ. ಮನೆಯ ಲೆಕ್ಕದ ಪುಸ್ತಕ ಬರೆಯುವ ಗೃಹಿಣಿಗೆ ಈ ಸಂಗತಿ ವೈದ್ಯರಿಗಿಂತ ಮೊದಲೇ ಗೊತ್ತಾಗಬಲ್ಲದು. ಹಾಲಿನವನ ಲೆಕ್ಕದ ಕೆಳಗೆ ಇನ್ಹೇಲರ್ ಕೊಂಡ ತಾರೀಕನ್ನೂ ಬರೆದಿಟ್ಟರೆ ಸಾಕು. ರಾತ್ರಿ ಕೆಮ್ಮಿ ಏಳುವುದು, ವಾರದಲ್ಲಿ ಎರಡಕ್ಕಿಂತ ಹೆಚ್ಚು ಸಲ ತಕ್ಷಣದ ಮದ್ದು ಬೇಕಾಗುವುದು, ಇವೂ ಅದೇ ಪುಸ್ತಕದಲ್ಲಿ ಸೇರಲಿ.

ಇನ್ನು ಎಳೆದುಕೊಳ್ಳುವ ಕ್ರಮ. ಸರಿಯಾದ ಮದ್ದು ಸಿಕ್ಕವರಲ್ಲಿಯೂ ಬಹುಮಂದಿ ಸೋಲುವುದು ಇಲ್ಲಿಯೇ. ತುಂತುರು ಡಬ್ಬಿಯಿಂದ ಚಿಮ್ಮಿದ ಮದ್ದು ಅತಿ ವೇಗವಾಗಿ ಬರುತ್ತದೆ. ಗಂಟಲಿನ ತಿರುವಿನಲ್ಲಿ ಹೊರಳಲಾರದೆ ಅಲ್ಲಿಯೇ ಬಡಿದು ಅಂಟುತ್ತದೆ. ಕ್ರಮ ಬಲ್ಲವರಿಗೂ ಎದೆಗಿಳಿಯುವುದು ನೂರರಲ್ಲಿ ಹತ್ತಿಪ್ಪತ್ತು ಪಾಲು. ಕ್ರಮ ತಪ್ಪಿದವರಿಗೆ ಅದೂ ಇಲ್ಲ. ಮೊದಲು ಮುಚ್ಚಳ ತೆಗೆದು ಒಳಗೆ ಇಣುಕಿ ನೋಡಬೇಕು. ಮುಚ್ಚಳವಿಲ್ಲದೆ ಜೇಬಿನಲ್ಲಿದ್ದ ಇನ್ಹೇಲರಿನೊಳಗೆ ನಾಣ್ಯ ಸೇರಿ, ಮದ್ದಿನೊಡನೆ ಗಂಟಲಿಗಿಳಿದ ನಿದರ್ಶನಗಳುಂಟು. ಬಳಿಕ ಡಬ್ಬಿಯನ್ನು ಚೆನ್ನಾಗಿ ಕುಲುಕಬೇಕು. ಹೊಸದಾಗಿದ್ದರೆ, ಅಥವಾ ಬಹುದಿನ ಬಳಸದೆ ಇಟ್ಟದ್ದಾದರೆ, ಎರಡು ಮೂರು ಒತ್ತುಗಳನ್ನು ಗಾಳಿಗೆ ಬಿಡತಕ್ಕದ್ದು. ನೆಟ್ಟಗೆ ಕುಳಿತು ಅಥವಾ ನಿಂತು, ಎದೆಯಲ್ಲಿರುವ ಉಸಿರನ್ನು ಪೂರಾ ಹೊರಬಿಟ್ಟು, ತುಟಿಗಳಿಂದ ಡಬ್ಬಿಯ ಬಾಯನ್ನು ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಉಸಿರೆಳೆಯಲು ತೊಡಗಿದೊಡನೆ ಒಮ್ಮೆ ಒತ್ತಬೇಕು. ಒತ್ತಿದ ಮೇಲೂ ಎಳೆಯುವುದನ್ನು ನಿಲ್ಲಿಸದೆ, ಪಾಯಸವನ್ನು ಸವಿದು ಸುರಿಯುವಷ್ಟೇ ನಿಧಾನದಿಂದ ನಾಲ್ಕೈದು ಸೆಕೆಂಡು ಎಳೆದು, ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಇನ್ನೊಂದು ಒತ್ತು ಬೇಕಾದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ, ಮೊದಲಿನಿಂದ ಆರಂಭಿಸಬೇಕು. ಒಂದೇ ಉಸಿರಿಗೆ ಟಕಟಕನೆ ಎರಡು ಸಲ ಒತ್ತುವುದು ದುಡ್ಡನ್ನು ಗಾಳಿಗೆ ತೂರಿದಂತೆ. ಸ್ಟೆರಾಯಿಡ್ ಇನ್ಹೇಲರ್ ಆದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳುವುದನ್ನು ಮರೆಯಕೂಡದು. ಮರೆತರೆ ಸ್ವರ ಒಡೆಯುತ್ತದೆ, ನಾಲಗೆಯ ಮೇಲೆ ಬಿಳಿಯ ಬೂಷ್ಟು ಹಿಡಿಯುತ್ತದೆ. ಹಲ್ಲುಜ್ಜುವ ಮುನ್ನ ಅದನ್ನು ತೆಗೆದುಕೊಳ್ಳುವ ರೂಢಿ ಮಾಡಿಕೊಂಡವರಿಗೆ ಬೇರೆ ನೆನಪು ಬೇಕಿಲ್ಲ.

ಒತ್ತುವುದನ್ನೂ ಎಳೆಯುವುದನ್ನೂ ಹೊಂದಿಸುವುದು ಎಲ್ಲರಿಗೂ ಒಗ್ಗುವ ಕೆಲಸವಲ್ಲ. ಅದಕ್ಕೆ ಸ್ಪೇಸರ್ ಎಂಬ ಪ್ಲಾಸ್ಟಿಕ್ಕಿನ ಬುರುಡೆಯುಂಟು. ಡಬ್ಬಿಯನ್ನು ಅದರ ಒಂದು ತುದಿಗೆ ಸಿಕ್ಕಿಸಿ ಒತ್ತಿದರೆ ಮದ್ದು ಬುರುಡೆಯೊಳಗೆ ತುಂತುರಾಗಿ ನಿಲ್ಲುತ್ತದೆ. ಇನ್ನೊಂದು ತುದಿಯಿಂದ ಮೆಲ್ಲಗೆ ಎಳೆದುಕೊಳ್ಳಬಹುದು, ಅಥವಾ ಐದಾರು ಸಲ ಸಹಜವಾಗಿ ಉಸಿರಾಡಬಹುದು. ಗಂಟಲಿಗೆ ಅಂಟುವುದು ಕಡಿಮೆ, ಎದೆಗಿಳಿಯುವುದು ಹೆಚ್ಚು. ಎಳೆಯ ಮಕ್ಕಳಿಗೆ ಅದಕ್ಕೆ ಮುಖವಾಡವನ್ನು ಜೋಡಿಸಿ ಮೂಗು ಬಾಯಿಗಳ ಮೇಲೆ ಸಡಿಲವಿಲ್ಲದಂತೆ ಹಿಡಿಯಬೇಕು. ‘ಅದು ಮಕ್ಕಳಿಗೆ’ ಎಂದು ಹಿರಿಯರು ಬಿಗುಮಾನ ತೋರಬೇಕಾಗಿಲ್ಲ. ಎಪ್ಪತ್ತರ ವಯಸ್ಸಿನ ಕೈಗೂ ಅದು ಒಳ್ಳೆಯ ಸಂಗಾತಿ. ಹದವಾದ ಸೋಪಿನ ನೀರಿನಲ್ಲಿ ಅದ್ದಿ ತೊಳೆದು ಗಾಳಿಗೆ ಒಣಗಲು ಬಿಡಬೇಕು. ಬಟ್ಟೆಯಿಂದ ಉಜ್ಜಿ ಹೊಳಪೇರಿಸಿದರೆ ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ತು ಹುಟ್ಟಿ, ಮದ್ದಿನ ಕಣಗಳನ್ನು ಗೋಡೆಗೇ ಸೆಳೆದುಕೊಳ್ಳುತ್ತದೆ. ಸಾವಿರಾರು ರೂಪಾಯಿ ಕೊಟ್ಟು ನೆಬ್ಯುಲೈಸರ್ ಯಂತ್ರವನ್ನು ಮನೆಗೆ ತರುವವರು ಒಂದು ಮಾತನ್ನು ತಿಳಿದಿರುವುದು ಒಳ್ಳೆಯದು: ಪ್ರಾಣಾಂತಿಕವಲ್ಲದ ಸಾಮಾನ್ಯ ಉಲ್ಬಣದಲ್ಲಿ ಸ್ಪೇಸರಿನ ಮೂಲಕ ಕೊಟ್ಟ ಹಲವು ಒತ್ತುಗಳು ಆ ಯಂತ್ರದಷ್ಟೇ ಗುಣ ಕೊಡುತ್ತವೆಂಬುದು ಪರೀಕ್ಷೆಗಳಿಂದ ಸ್ಥಿರಪಟ್ಟಿದೆ.

ಪುಡಿಯನ್ನು ಎಳೆದುಕೊಳ್ಳುವ ಸಾಧನಗಳ ಕ್ರಮ ಇದಕ್ಕೆ ತದ್ವಿರುದ್ಧ. ಅದರಲ್ಲಿ ಮದ್ದನ್ನು ಹೊರಹಾಕುವ ಅನಿಲವಿಲ್ಲ. ರೋಗಿಯ ಉಸಿರೇ ಅದನ್ನು ಎಬ್ಬಿಸಿ ಒಯ್ಯಬೇಕು. ಆದುದರಿಂದ ಇಲ್ಲಿ ಮೊದಲಿನಿಂದಲೂ ಜೋರಾಗಿ, ಆಳವಾಗಿ ಎಳೆಯಬೇಕು. ಸಾಧನದೊಳಕ್ಕೆ ಉಸಿರು ಬಿಟ್ಟರೆ ಪುಡಿ ತೇವವಾಗಿ ಗಂಟುಕಟ್ಟುತ್ತದೆ. ಅದಕ್ಕೆಂದು ಕೊಟ್ಟ ಕ್ಯಾಪ್ಸೂಲನ್ನು ಮಾತ್ರೆಯೆಂದು ತಿಳಿದು ನೀರಿನೊಡನೆ ನುಂಗಿದವರಿದ್ದಾರೆ. ಅದರಲ್ಲಿ ರೋಗಿಯ ತಪ್ಪಿಗಿಂತ, ಹೇಳಿಕೊಡದೆ ಕಳಿಸಿದವರ ತಪ್ಪು ಹೆಚ್ಚು. ಯಾವ ಸಾಧನವೇ ಆಗಲಿ, ವೈದ್ಯರ ಎದುರಿನಲ್ಲಿಯೇ ಒಮ್ಮೆ ಎಳೆದು ತೋರಿಸಿ “ಸರಿಯೇ, ಡಾಕ್ಟರೇ?” ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಡಬ್ಬಿ ಬರಿದಾಯಿತೋ ಇಲ್ಲವೋ ತಿಳಿಯಲು ನೀರಿನಲ್ಲಿ ತೇಲಿಸಿ ನೋಡುವ ಹಳೆಯ ಉಪಾಯವೊಂದಿದೆ, ಅದನ್ನು ಬಿಡಬೇಕು. ಮದ್ದು ತೀರಿದ ಮೇಲೂ ಒಳಗಿನ ಅನಿಲ ಉಳಿದಿರುತ್ತದೆ. ಕುಲುಕಿದರೆ ಸದ್ದಾಗುತ್ತದೆ, ಒತ್ತಿದರೆ ತುಸ್ಸೆನ್ನುತ್ತದೆ, ಬರುವುದು ಬರಿಯ ಗಾಳಿ. ಡಬ್ಬಿಯ ಹಿಂದೆ ಅಂಕ ತೋರಿಸುವ ಕಿಟಕಿಯಿದ್ದರೆ ಸರಿ. ಇಲ್ಲವಾದರೆ ಲೆಕ್ಕವೇ ಗತಿ. ಬೆಳಿಗ್ಗೆ ಎರಡು, ಸಂಜೆ ಎರಡು ಒತ್ತಿನಂತೆ 200 ಒತ್ತುಗಳು ಐವತ್ತನೆಯ ದಿನಕ್ಕೆ ಮುಗಿಯುತ್ತವೆ. ಆ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿ, ಒಂದು ವಾರ ಮುಂಚೆ ಹೊಸದನ್ನು ತರಬಹುದು.

ಮನೆಯ ಗಾಳಿಯನ್ನು ಮರೆತು ಮದ್ದಿನ ಮಾತಾಡುವುದು ಸೋರುವ ಕೊಡಕ್ಕೆ ನೀರು ತುಂಬಿದಂತೆ. ಬೆಂಗಳೂರಿನ ಮಕ್ಕಳ ವೈದ್ಯರಾದ ಡಾ॥ ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ಕುರಿತು ಇಟ್ಟ ಲೆಕ್ಕದಲ್ಲಿ 1979ರಲ್ಲಿ ನೂರಕ್ಕೆ 9 ಮಕ್ಕಳಿಗಿದ್ದ ಉಬ್ಬಸವು 1999ರ ವೇಳೆಗೆ 29.5ಕ್ಕೇರಿತ್ತು. ನಗರದ ಹೊಗೆಯನ್ನು ಒಬ್ಬ ಗೃಹಸ್ಥ ತಡೆಯಲಾರ. ಕೋಣೆಯೊಳಗಣ ಸೊಳ್ಳೆಬತ್ತಿ, ಊದುಬತ್ತಿ, ಸಾಂಬ್ರಾಣಿ, ತಂದೆಯ ಸಿಗರೇಟು, ಇವು ಅವನ ಹಿಡಿತದಲ್ಲಿವೆ. ಒಗ್ಗರಣೆಯ ಮೆಣಸಿನಕಾಯಿಯ ಘಾಟಿಗೆ ಕಿಟಕಿ ತೆರೆಯಬಹುದು. ಹಬ್ಬದ ಮುನ್ನ ಅಟ್ಟದ ಧೂಳು ಕೊಡವುವ ಕೆಲಸವನ್ನು ಉಬ್ಬಸವಿಲ್ಲದವರಿಗೆ ವಹಿಸಬಹುದು. ಹೈದರಾಬಾದಿನಲ್ಲಿ ಮೃಗಶಿರೆಯ ಮಳೆ ಹೂಡುವ ದಿನ ಜೀವಂತ ಮೀನಿನ ಬಾಯಲ್ಲಿ ಮದ್ದಿಟ್ಟು ನುಂಗಿಸುವ ಸುಪ್ರಸಿದ್ಧ ಪದ್ಧತಿಗೆ ಸಾವಿರಾರು ಜನ ಹೋಗಿಬರುತ್ತಾರೆ. ಅದರಿಂದ ರೋಗ ವಾಸಿಯಾಗುವುದೆಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಹೋಗುವವರು ನಂಬಿಕೆಯಿಂದ ಹೋಗಲಿ. ಆದರೆ ಅದರ ಭರವಸೆಯಿಂದ ನಿತ್ಯದ ಇನ್ಹೇಲರನ್ನು ನಿಲ್ಲಿಸುವುದು ಅಪಾಯ.

ರಾತ್ರಿಯ ಹೊತ್ತು ಉಬ್ಬಸ ಕೆರಳಿದಾಗ ಮನೆಯವರ ಗಾಬರಿಯೇ ಅರ್ಧ ಕೇಡು. ರೋಗಿಯನ್ನು ಮಲಗಿಸದೆ, ಸ್ವಲ್ಪ ಮುಂದಕ್ಕೆ ಬಾಗಿದಂತೆ ಕೂರಿಸಿ, ಸುತ್ತ ನೆರೆದವರನ್ನು ಸರಿಸಬೇಕು. ವೈದ್ಯರು ಮೊದಲೇ ಬರೆದುಕೊಟ್ಟ ಕ್ರಮವಿದ್ದರೆ ಅದರಂತೆ ನಡೆಯತಕ್ಕದ್ದು. ಇಲ್ಲದಿದ್ದಲ್ಲಿ ತಕ್ಷಣದ ಸಾಲ್ಬುಟಮಾಲನ್ನು ಸ್ಪೇಸರಿನ ಮೂಲಕ, ಪ್ರತಿ ಅರ್ಧ ನಿಮಿಷದಿಂದ ಒಂದು ನಿಮಿಷಕ್ಕೆ ಒಂದು ಒತ್ತಿನಂತೆ, ಹತ್ತು ಒತ್ತುಗಳವರೆಗೆ ಕೊಡಬಹುದು. ಅಷ್ಟಕ್ಕೂ ಬಗ್ಗದಿದ್ದರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಬೇಕು. ಒಂದು ವಾಕ್ಯವನ್ನು ಪೂರ್ತಿಯಾಗಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಪಕ್ಕೆಲುಬುಗಳ ನಡುವಣ ಚರ್ಮ ಒಳಸೇದುತ್ತಿದ್ದರೆ, ಮಂಪರು ಕವಿದರೆ, ಹತ್ತು ಒತ್ತು ಮುಗಿಯುವವರೆಗೂ ಕಾಯದೆ ಮೊದಲೇ ಕರೆ ಮಾಡಿ, ವಾಹನ ಬರುವವರೆಗೆ ಮದ್ದನ್ನು ಕೊಡುತ್ತಿರಬೇಕು. ಇನ್ನೊಂದು ಮೋಸದ ಲಕ್ಷಣವುಂಟು. ಅಷ್ಟು ಹೊತ್ತೂ ಸುಯ್ಯೆನ್ನುತ್ತಿದ್ದ ಎದೆ, ರೋಗಿಯ ಸಂಕಟ ಇಳಿಯದಿದ್ದರೂ, ಸದ್ದನ್ನು ನಿಲ್ಲಿಸಿಬಿಡುತ್ತದೆ. ‘ದೇವರು ದೊಡ್ಡವನು, ಸದ್ದು ನಿಂತಿತು’ ಎಂದು ಮನೆಯವರು ದೀಪ ಆರಿಸುತ್ತಾರೆ. ಗಾಳಿ ಆಡುವುದೇ ನಿಂತಿರುವುದರಿಂದ ಸದ್ದು ನಿಂತಿರುತ್ತದೆ. ಅದು ಎಲ್ಲಕ್ಕಿಂತ ತುರ್ತಿನ ಘಳಿಗೆ. ಉಪಶಮನವಾಗಿ ಮನೆಗೆ ಮರಳಿದವರು ಸಹ ಒಂದೆರಡು ದಿನಗಳಲ್ಲಿ ವೈದ್ಯರನ್ನು ಮತ್ತೆ ಕಾಣಬೇಕು.

ಏದುಸಿರೆಲ್ಲ ಉಬ್ಬಸವಲ್ಲವೆಂಬುದನ್ನೂ ಹೇಳಬೇಕು. ಹಿರಿಯರಲ್ಲಿ ಹೃದಯದ ದೌರ್ಬಲ್ಯ, ವರ್ಷಗಟ್ಟಲೆ ಸೇದಿದ ಬೀಡಿ ಅಥವಾ ಊದಿದ ಸೌದೆಯೊಲೆಯಿಂದ ಸವೆದ ಶ್ವಾಸಕೋಶ, ಇವು ಕೂಡ ಇದೇ ವೇಷದಲ್ಲಿ ಬರುತ್ತವೆ. ಅಣ್ಣನ ಮಗನಿಗೆ ಬರೆದ ಇನ್ಹೇಲರನ್ನು ಅಜ್ಜನಿಗೆ ದಾಟಿಸುವುದು ಸಲ್ಲದು. ಉಸಿರನ್ನು ಊದಿಸಿ ಅಳೆಯುವ ಸ್ಪೈರೋಮೆಟ್ರಿ ಎಂಬ ಪರೀಕ್ಷೆಯಿಂದ ರೋಗದ ನಿಜರೂಪ ಬಹುಮಟ್ಟಿಗೆ ತಿಳಿಯುತ್ತದೆ.

ಮಗುವಿಗೆ ಉಬ್ಬಸವಿದ್ದರೆ ತರಗತಿಯ ಉಪಾಧ್ಯಾಯರಿಗೆ ತಿಳಿಸಿ, ಹೆಸರು ಬರೆದ ಒಂದು ಇನ್ಹೇಲರನ್ನೂ ಸ್ಪೇಸರನ್ನೂ ಶಾಲೆಯಲ್ಲಿ ಕೊಟ್ಟಿರಬೇಕು. ಬೀಗ ಹಾಕಿದ ಕಪಾಟಿನಲ್ಲಿ ಅದು ಸೇರದಂತೆ ಕೇಳಿಕೊಳ್ಳಬೇಕು. ರಜೆಯಲ್ಲಿ ಊರಿಗೆ ಹೊರಟಾಗ ಎರಡು ಬಗೆಯ ಇನ್ಹೇಲರುಗಳೂ ಜೊತೆಯಲ್ಲಿರಲಿ, ಉಳಿದ ಒತ್ತುಗಳ ಲೆಕ್ಕ ಮೊದಲೇ ಆಗಿರಲಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಡಬ್ಬಿಯನ್ನು ಬಿಡಕೂಡದು. ರೈಲಿನಲ್ಲಾದರೆ ಅದರ ಜಾಗ ಬರ್ತಿನ ಕೆಳಗಣ ಟ್ರಂಕಿನ ತಳವಲ್ಲ. ತಾಯಿಯ ಕೈಚೀಲ, ಇಲ್ಲವೆ ಅಂಗಿಯ ಜೇಬು.